ಕೋಕಿಲಾ ಮೇಡಂ ಅವರ ಫೇರ್ ರೆಕಾರ್ಡ್

ಲಾಸ್ ಏಂಜಲೀಸಿನಿಂದ ದಕ್ಷಿಣಕ್ಕಿರುವ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿ ಬೆಳಗಿನ ಮಂಜು ಹತ್ತು ಗಂಟೆಯಾದರೂ ಕದಲುವುದಿಲ್ಲ. ಆ ಹೊತ್ತಿನಲ್ಲಿ ಕೋಕಿಲಾ ಮೇಡಂ ಗ್ಯಾರೇಜಿನ ಬಾಗಿಲೆತ್ತಿ ನಿಂತರೆ ನೀಲಗಿರಿ ಮರಗಳ ವಾಸನೆ ಒಳಗೆ ಬರುತ್ತಿತ್ತು. ತಾವು ಯಾವ ಊರಿನಲ್ಲಿದ್ದೇವೆ ಎನ್ನುವುದೇ ಅವರಿಗೆ ಅರೆಗಳಿಗೆ ಮರೆತುಹೋಗುತ್ತಿತ್ತು. ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ನಾಲ್ಕು ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟವರು. ನಿವೃತ್ತರಾಗಿ ಮಗಳ ಮನೆಗೆ ಬಂದವರು ಸುಮ್ಮನೆ ಕೂರಬೇಕಲ್ಲ? ಅಳಿಯನ ಕಾರನ್ನು ಬೀದಿಗೆ ಅಟ್ಟಿ, ಆ ಜಾಗದಲ್ಲಿ ಒಂದು ಹಳೇ ಊಟದ ಮೇಜು, ಎರಡು ಬ್ಯುರೆಟ್ಟು, ಒಂದಷ್ಟು ಫ್ಲಾಸ್ಕು ಹೊಂದಿಸಿಕೊಂಡರು. ಅಳಿಯ ಸಂಭಾವಿತ, ತುಟಿಪಿಟಕ್ಕೆನ್ನಲಿಲ್ಲ.

ಇಷ್ಟೆಲ್ಲ ನಡೆದದ್ದು ಎಸ್ತೇರಳಿಗಾಗಿ. ಎರಡು ಬೀದಿ ಆಚೆಗಿನ ಸುವರ್ಣಾ ಗದಗ ಕಡೆಯ ಹಳೆಯ ಕ್ರೈಸ್ತ ಮನೆತನದವಳು. ಮಗಳು ಎಸ್ತೇರಳನ್ನು ಶಾಲೆಗೆ ಕಳಿಸದೆ, ಚರ್ಚಿನವರು ಆರಿಸಿಕೊಟ್ಟ ಪುಸ್ತಕಗಳಿಂದ ಮನೆಯಲ್ಲೇ ಓದಿಸುತ್ತಿದ್ದಳು. ಹುಡುಗಿಗೆ ಹದಿನಾರು ತುಂಬುವಾಗ ಲಾಸ್ ಏಂಜಲೀಸಿನ ಒಂದು ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಓದುವ ಹುಚ್ಚು ಹಿಡಿಯಿತು. ಮನೆಯಲ್ಲಿ ಓದಿದವರಾದರೆ ಲ್ಯಾಬ್ ಕೆಲಸವನ್ನು ಕೈಯಾರೆ ಮಾಡಿದ್ದಕ್ಕೆ ನೋಟ್‌ಬುಕ್ ತೋರಿಸಬೇಕು ಎಂದು ಅಲ್ಲಿನವರ ಷರತ್ತು.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಸುವರ್ಣಾ ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು ಬಂದು ಕೇಳಿದಳು.

"ಲ್ಯಾಬ್ ಅಷ್ಟ ನೀವು ಮಾಡಸ್ರಿ ಮೇಡಂ. ಭೂಮಿಗೆ ಎಷ್ಟ್ ವರ್ಷ ಆತು, ಜೀವಿ ಹೆಂಗ ಹುಟ್ಟಿದ್ವು ಅನ್ನೋದನ್ನ ನಾವು ಮನ್ಯಾಗ ನೋಡ್ಕೊಂತೀವಿ."

"ನಂಗ್ಯಾಕಮ್ಮ ಅದೆಲ್ಲ. ನಂದೇನಿದ್ರೂ ಆಸಿಡ್ಡು, ಬೇಸು," ಎಂದರು ಕೋಕಿಲಾ.

ಹಾಗೆಂದರೂ ಒಳಗೊಳಗೇ ನಗು ಬಂದಿತ್ತು. ಪ್ರತಿ ಪಾಠದ ಕೊನೆಗೂ ಒಂದು ಬೈಬಲ್ ವಚನವಿದ್ದ ಆ ವಿಜ್ಞಾನದ ಪುಸ್ತಕವನ್ನು ಅವರು ತಿರುವಿ ನೋಡಿದ್ದರು. ಇದು ಒಂದು ದಿನ ಈ ಮಗುವನ್ನು ಮುಳುಗಿಸುತ್ತದೆ, ತಾನೇ ದಡ ಸೇರಿಸಬೇಕು ಎಂದುಕೊಂಡರು. ತಮ್ಮ ವಿಜ್ಞಾನದ ಬಗ್ಗೆ ಅವರಿಗೆ ಅಷ್ಟು ಹೆಮ್ಮೆಯಿತ್ತು.

ಆಮೇಲೆ ಎರಡು ವರ್ಷದ ಮಂಗಳವಾರಗಳು ಒಂದೇ ಬೆಳಗಿನ ಹಾಗೆ ಕಳೆದವು. ಹೊರಗೆ ಬಿಳಿ ಮಂಜು, ಒಳಗೆ ಬ್ಯುರೆಟ್ಟಿನಿಂದ ತೊಟ್ಟಿಕ್ಕುವ ಹನಿ; ಬಣ್ಣ ತಿರುಗಲು ಎಷ್ಟು ಮಿಲಿಲೀಟರ್ ಬೇಕಾಯಿತು ಎಂಬುದೇ ಲೆಕ್ಕ. ಫ್ಲಾಸ್ಕಿನ ವಿನೆಗರ್ ತಿಳಿ ಗುಲಾಬಿಗೆ ತಿರುಗುವ ಆ ಗಳಿಗೆಯಲ್ಲಿ ಕೋಕಿಲಾ ಎಲ್ಲೋ ತೇಲಿಹೋಗುತ್ತಿದ್ದರು. ಬಿಳಿ ಕೋಟಿನ ಹುಡುಗಿಯರ ಸಾಲುಗಳು ಕಾಣುತ್ತಿದ್ದವು, ಅವರ ಬಳೆ ಸದ್ದು ಕೂಡ ಕೇಳಿಸುತ್ತಿತ್ತು. ಎಚ್ಚರಿಸುತ್ತಿದ್ದವಳು ಎಸ್ತೇರ್. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಆಂಟಿ, ಇಟ್ಸ್ ಟೆನ್ ಪಾಯಿಂಟ್ ನೈನ್."

"ಮೊದಲಿನೆರಡು ಹತ್ತು ಪಾಯಿಂಟ್ ಎರಡು ಬಂದಿದೆಯಲ್ಲ. ಇದೂ ಅಷ್ಟೇ ಅಂತ ಬರ್ಕೋ."

"ಬಟ್ ಇಟ್ ವಾಸಂಟ್."

"ರಫ್‌ನಲ್ಲಿ ಏನಾದ್ರೂ ಇರ್ಲಿ ಕಣೇ. ಫೇರ್ ರೆಕಾರ್ಡ್‌ನಲ್ಲಿ ಸರಿಯಾಗಿರ್ಬೇಕು."

ಇದನ್ನು ಕೋಕಿಲಾ ಕಂಡುಹಿಡಿದದ್ದಲ್ಲ. ಅವರ ಕಾಲೇಜಿನಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು. ಪ್ರಯೋಗವನ್ನು ರಫ್ ಹಾಳೆಯಲ್ಲಿ ಮಾಡು, ಮನೆಯಲ್ಲಿ ಕೂತು ದುಂಡಗೆ ಫೇರ್ ಬರೆ. ಎಡಪುಟದಲ್ಲಿ ಪೆನ್ಸಿಲ್ಲಿನ ಚಿತ್ರ, ಬಲಪುಟದಲ್ಲಿ ಒಂದಕ್ಕೊಂದು ತಾಳೆಯಾಗುವ ಮೂರು ಅಂಕಿ. ತಾಳೆಯಾಗದ ಅಂಕಿ ಎಂದರೆ ಬಾಚದ ತಲೆಯಲ್ಲಿ ಕಾಲೇಜಿಗೆ ಬಂದ ಹಾಗೆ. ಎಸ್ತೇರಳ ರಫ್ ಹಾಳೆಗಳು ವಾರವಾರವೂ ನೀಲಿ ಕಸದ ಡಬ್ಬಿ ಸೇರಿದವು. ಫೇರ್ ರೆಕಾರ್ಡ್ ಮಾತ್ರ ಮದುವೆಯ ಆಹ್ವಾನಪತ್ರಿಕೆಯಷ್ಟು ಚೆಂದ ಬೆಳೆಯಿತು.

ಎರಡು ಸಾವಿರದ ಇಪ್ಪತ್ತಮೂರರ ಮಾರ್ಚಿನಲ್ಲಿ ವಿಶ್ವವಿದ್ಯಾಲಯದಿಂದ ಕರೆ ಬಂತು: ನೋಟ್‌ಬುಕ್ ತನ್ನಿ, ಕಲಿಸಿದವರೂ ಬನ್ನಿ. ಸುವರ್ಣಾ ಡ್ರೈವ್ ಮಾಡಿದಳು. ಎಡಗಡೆ ಸಮುದ್ರವೂ ಆಕಾಶವೂ ಒಂದೇ ಬೂದು ಬಣ್ಣದಲ್ಲಿ ಕಲೆತುಹೋಗಿದ್ದವು. ಕೋಕಿಲಾ ಮನಸ್ಸಿನಲ್ಲೇ ಭೂಮಿಯ ವಯಸ್ಸಿನ ಪ್ರಶ್ನೆಗೆ ಹುಡುಗಿಯ ಪರವಾಗಿ ಉತ್ತರ ಕಟ್ಟುತ್ತಾ ಅರೆನಿದ್ದೆಗೆ ಜಾರಿದರು.

ಆ ಪ್ರಶ್ನೆಯೇ ಮೊದಲು ಬಂತು. ಕೇಳಿದವರು ನರೆತ ಕೂದಲಿನ, ಮೆಲುದನಿಯ ಒಬ್ಬ ಪ್ರೊಫೆಸರ್. ಎಸ್ತೇರ್ ಅಳುಕದೆ ಹೇಳಿದಳು: ನಮ್ಮ ಮನೆಯಲ್ಲಿ ನಂಬುವುದು ಇದು, ನಿಮ್ಮ ಪುಸ್ತಕಗಳು ಹೇಳುವುದು ಇದು, ಅದಕ್ಕೆ ಅವು ಕೊಡುವ ಪುರಾವೆ ಇವು, ಎರಡನ್ನೂ ಓದಿದ್ದೇನೆ. ಪ್ರೊಫೆಸರ್ ತಲೆಯಾಡಿಸಿ ನೋಟ್‌ಬುಕ್ ಬಿಡಿಸಿದರು. ಒಂದು ಪುಟ, ಇನ್ನೊಂದು ಪುಟ. ಆಮೇಲೆ ಕನ್ನಡಕ ತೆಗೆದರು.

ಇಪ್ಪತ್ತನಾಲ್ಕು ಪ್ರಯೋಗದಲ್ಲಿ ಒಂದು ಅಂಕಿಯೂ ಆಚೀಚೆ ಇಲ್ಲ, ಒಂದು ಕಡೆಯೂ ಕಾಟು ಹೊಡೆದಿಲ್ಲ. ಇವನ್ನು ನೀನು ನಿಜವಾಗಿ ಮಾಡಿದೆಯಾ ಎಂದು ಕೇಳಿದರು. ಮಾಡದೆ ಬರೆದದ್ದಾದರೆ ಅದು ಮೋಸವೆಂದು ದಾಖಲಾಗುತ್ತದೆ, ಆಮೇಲೆ ಈ ಬಾಗಿಲು ತೆರೆಯುವುದಿಲ್ಲ ಎಂದೂ ಹೇಳಿದರು.

ಎಸ್ತೇರ್ ಬಾಯಿ ತೆರೆದಳು. ಪಕ್ಕದಲ್ಲಿ ಕೂತಿದ್ದ ಕೋಕಿಲಾ ಅವರನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು. ಆಂಟಿಯ ಹೆಸರು ಹೇಳಲು ಆ ಮಗುವಿಗೆ ಮನಸ್ಸಾಗಲಿಲ್ಲ.

ಕೋಕಿಲಾ ಅವರಿಗೆ ಕೋಣೆ ದೂರ ಸರಿದ ಹಾಗಾಯಿತು. ಮೂವತ್ನಾಲ್ಕು ವರ್ಷದ ದುಂಡನೆಯ ಅಕ್ಷರಗಳೆಲ್ಲ ಕಣ್ಣ ಮುಂದೆ ಬಂದು ಸಾಲಾಗಿ ನಿಂತವು. ಅವಮಾನವಾಯಿತು. ಆದರೂ ಎದ್ದು ನಿಂತು, ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಹೇಳಿದರು: ಪ್ರಯೋಗ ಅವಳೇ ಮಾಡಿದ್ದು. ಅಂಕಿ ತಿದ್ದಿಸಿದವಳು ನಾನು. ಅವಳು ಬೇಡವೆಂದಿದ್ದಳು.

ಪ್ರೊಫೆಸರ್ ಪುಟ ಮುಚ್ಚಿ ಕನ್ನಡಕ ಹಾಕಿಕೊಂಡರು. ಹುಡುಗಿಯ ಮೇಲೆ ಮೋಸದ ಮಾತು ಬರುವುದಿಲ್ಲ ಎಂದರು. ಆದರೆ ಈ ನೋಟ್‌ಬುಕ್ ನಡೆಯುವುದಿಲ್ಲ. ಒಂದು ವರ್ಷ, ಎಲ್ಲರನ್ನೂ ಸೇರಿಸಿಕೊಳ್ಳುವ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಲ್ಯಾಬ್ ಮಾಡಿ ಮತ್ತೆ ಅಪ್ಲೈ ಮಾಡಲಿ ಎಂದರು.

ವಾಪಸ್ ದಾರಿಯಲ್ಲಿ ಸಮುದ್ರ ಬಲಕ್ಕೆ ಬಂತು. ಕೊನೆಗೆ ಕೋಕಿಲಾ ಅವರೇ, "ನಿನ್ನ ಮಗಳ ಒಂದು ವರ್ಷ ಹಾಳು ಮಾಡ್ದೆ ಸುವರ್ಣಾ. ಸರಿಯಿಲ್ಲದ್ದು ನಿಮ್ಮ ಪುಸ್ತಕ ಅಂದ್ಕೊಂಡಿದ್ದೆ," ಎಂದರು.

ಸುವರ್ಣಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಸಿಟ್ಟು ಬಂದದ ಮೇಡಂ, ಸುಳ್ಳ್ಯಾಕ ಹೇಳ್ಲಿ. ಆದ್ರ ತಪ್ಪು ಒಪ್ಕೊಳ್ಳೋದು ಅಂದ್ರ ಏನಂತ ನಾ ಆಕಿಗೆ ಹದಿನೆಂಟು ವರ್ಷ ಓದಿಸೀನಿ. ಆಕಿ ನೋಡಿದ್ದು ಇವತ್ತು." ಆಮೇಲೆ, "ಆ ಕಾಲೇಜ್ ಚಾಲೂ ಆಗೋತನಕ ಮಂಗಳವಾರ ಎಷ್ಟ್ ಗಂಟೆಕ್ಕ ಕರ್ಕೊಂಡ್ ಬರ್ಲಿ?" ಎಂದಳು.

ಮಂಗಳವಾರ ಮಂಜು ಇನ್ನೂ ದಟ್ಟವಾಗಿತ್ತು. ಬೀದಿಯೇ ಇರಲಿಲ್ಲ, ಗ್ಯಾರೇಜ್ ಒಂದೇ ಎಲ್ಲೋ ತೇಲುತ್ತಿತ್ತು. ಎಸ್ತೇರ್ ಹೊಸ ನೋಟ್‌ಬುಕ್ ತಂದಿದ್ದಳು, ಇಂಕ್ ಪೆನ್ನು ತಂದಿದ್ದಳು. ಮೊದಲನೆಯದು ಹತ್ತು ಪಾಯಿಂಟ್ ಎರಡು. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಹನಿ ಬಿಡುತ್ತಿದ್ದಾಗ ಕೋಕಿಲಾ ಸುಮ್ಮನಿರಲಾರದೆ, ರಾತ್ರಿ ಊಟಕ್ಕೇನು ಮಾಡಿದ್ದಳು ನಿಮ್ಮಮ್ಮ ಎಂದು ಕೇಳಿದರು. ಹುಡುಗಿ ತಿರುಗಿ ನೋಡುವಷ್ಟರಲ್ಲಿ ಫ್ಲಾಸ್ಕು ಕಡುಗುಲಾಬಿಯಾಗಿತ್ತು. ಹನ್ನೊಂದು ಪಾಯಿಂಟ್ ಒಂದು.

ಕೋಕಿಲಾ ಅವರ ನಾಲಿಗೆ ತುದಿಯವರೆಗೆ ಬಂದಿತ್ತು ಆ ಹಳೇ ಮಾತು. ಕಷ್ಟಪಟ್ಟು ನುಂಗಿಕೊಂಡು, "ಅದನ್ನೇ ಬರಿ. ಯಾಕೆ ಹಾಗಾಯ್ತು ಅಂತ್ಲೂ ಪಕ್ಕದಲ್ಲಿ ಬರಿ," ಎಂದರು.

ಎಸ್ತೇರ್ ಇಂಗ್ಲಿಷಿನಲ್ಲಿ ಬರೆದಳು: ಟೀಚರ್ ಮಾತಾಡಿಸಿದರು, ಹನಿಗಳು ಹೆಚ್ಚು ಬಿದ್ದವು.

ಕೋಕಿಲಾ ಅದನ್ನು ಎರಡು ಸಲ ಓದಿ, ಪೆನ್ನು ಈಸಿಕೊಂಡು, ಅದರ ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ರುಜು ಹಾಕಿದರು.