ಒಲೆಯ ಮೇಲೆ ನೂಲಿನ ಬೇವು

ನಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಇದೆ, ಟಿವಿ ಇದೆ, ಒಂದು ಒಲೆಯೂ ಇದೆ.

ನಗಬೇಡಿ. ಎರಡು ಬಾಯಿಯ ಹಳೆಯ ಒಲೆ. ಮೇಲೆ ಹೊಗೆ ಹೋಗಲು ಕಿಂಡಿ, ಅದರ ಕೆಳಗೆ ಗೋಡೆಗೆ ಹುಗಿದ ಮೂರಡಿ ಎರಡಿಂಚಿನ ಕಲ್ಲಿನ ಹಲಗೆ. (ಟೇಪ್ ಹಿಡಿದು ಅಳೆದಿದ್ದೇನೆ. ಎಲ್ಲವನ್ನೂ ಅಳೆದು, ಎಣಿಸಿ ಡೈರಿಯಲ್ಲಿ ಬರೆಯುವುದು ನನ್ನ ಚಟ.) ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗ ನಿಂತ ಮೇಲೆ ನೇಯುವಾಗ ಕಾಲು ಇಳಿಬಿಡುವ ಅದರ ಕುಣಿ ಮುಚ್ಚಿ, ಅಡುಗೆಮನೆಯನ್ನು ಅಲ್ಲಿಗೆ ಒಯ್ದೆವು. ಹಳೆಯ ಅಡುಗೆಮನೆಯ ಗೋಡೆ ಒಡೆದು ಹಾಲ್ ಅಗಲ ಮಾಡಿದೆವು. ಗೋಡೆ ಹೋಯಿತು, ಒಲೆ ಉಳಿಯಿತು. ಉಳಿಸಿದ್ದು ಅವ್ವ.

‘ಅತ್ತಿ ಉರಿ ಹಚ್ಚಿದ ಒಲಿ. ನಾ ಇರೂತನಕಾ ಅದಕ್ಕ ಒಡಿಯೂ ಹಾರಿ ಮುಟ್ಟಬಾರ್ದು’ ಎಂದಿದ್ದಳು.

ಅಪ್ಪನಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಈಚೆಗೆ ಲಕ್ಷ್ಮೇಶ್ವರದ ಗೆಳೆಯನ ಮನೆಯಲ್ಲಿ ಶೋಕೇಸ್ ನೋಡಿ ಬಂದ. ಗಾಜಿನ ಬಾಗಿಲು, ಒಳಗೆ ಮೂರು ಲೈಟು, ಒಂದು ಪಿಂಗಾಣಿ ಕುದುರೆ. ಅಂದಿನಿಂದ ಒಲೆ ಅವನ ಕಣ್ಣಿಗೆ ಚುಚ್ಚತೊಡಗಿತು.

‘ಹಾಲಿನ್ಯಾಗ ಒಲಿ ಇಟಗೊಂಡು ಕುಂತವ್ರು ಇಡೀ ಗದಗದಾಗ ನಾವೊಬ್ರ’ ಎಂದ.

ಯುಗಾದಿಗೆ ಹದಿನಾರು ದಿನ ಇರುವಾಗ ಗಾರೆ ಕೆಲಸದ ಗೌಂಡಿ ಬಸಣ್ಣನಿಗೆ ಹೇಳಿಯೂ ಬಂದ. ಹಬ್ಬದ ಮರುದಿನ ಒಲೆ ಒಡೆಯುವುದು, ಆ ಜಾಗದಲ್ಲಿ ಶೋಕೇಸ್ ಕೂಡಿಸುವುದು. ಅವ್ವ ಜಗಳ ಮಾಡಲಿಲ್ಲ. ಮಾತು ಬಿಟ್ಟಳು. ಆ ದಿನದ ನನ್ನ ಡೈರಿಯಲ್ಲಿ ಹೀಗಿದೆ: ‘ಅವ್ವ ಅಪ್ಪನೊಡನೆ ಆಡಿದ ಮಾತು ಒಟ್ಟು ನಾಲ್ಕು. ಊಟಕ್ಕ ಬರ್ರಿ, ಎರಡು ಸಲ. ನಳ ಬಂದೈತಿ, ಒಂದು ಸಲ. ಗ್ಯಾಸ್ ತೀರೇತಿ, ಒಂದು ಸಲ.’

ಮೂರನೆಯ ದಿನ ನಾನು ನಡುವೆ ಬಾಯಿ ಹಾಕಿದೆ. ‘ಅಪ್ಪಾ, ಒಲಿ ಚಂದ ಕಾಣಸ್ತಿಲ್ಲ ಅನ್ನೂದಷ್ಟ ನಿನ್ನ ತಕರಾರು ಹೌದಲ್ಲೊ? ಚಂದ ಮಾಡಿ ತೋರಿಸಿದ್ರ?’

ಅಪ್ಪ ನಕ್ಕ. ಆಮೇಲೆ ಶರತ್ತು ಹಾಕಿದ. ‘ಆತು. ಯುಗಾದಿ ದಿನಾ ಬೇವು ಕುಡಿಯಾಕ ಬಂದವ್ರೊಳಗ ಮೂರು ಮಂದಿ ತಾವಾಗೇ ಒಲಿ ಚಂದ ಐತಿ ಅನ್ಲಿ, ಬಸಣ್ಣಗ ಬ್ಯಾಡ ಅಂತೀನಿ. ನೀ ಕೇಳಿ ಹೇಳಿಸಬಾರ್ದು. ಮನಿಯವ್ರು ಲೆಕ್ಕಕ್ಕಿಲ್ಲ.’

(ದೂರದ ಊರಿನ ಓದುಗರಿಗೆ: ನಮ್ಮಲ್ಲಿ ಯುಗಾದಿಯ ಬೇವನ್ನು ತಿನ್ನುವುದಿಲ್ಲ, ಕುಡಿಯುತ್ತೇವೆ. ಬೇವಿನ ಹೂ, ಬೆಲ್ಲ, ಮಾವಿನಕಾಯಿ, ಪುಟಾಣಿ ಎಂದರೆ ಹುರಿಗಡಲೆ ಹಿಟ್ಟು, ಎಲ್ಲ ಕಲಸಿದ ನೀರು. ಅದನ್ನು ಕುಡಿಯಲು ಓಣಿಯೆಲ್ಲ ಒಬ್ಬರ ಮನೆಗೊಬ್ಬರು ಹೋಗುತ್ತಾರೆ.)

ಮೂರೇ ಮಂದಿ! ಇದೇನು ಮಹಾ, ಎಂದುಕೊಂಡೆ.

ಜೀವಂತ ಗಿಡ ಇಡುವ ಹಾಗಿರಲಿಲ್ಲ. ಕಳೆದ ವರ್ಷ ಆ ಹಲಗೆಯ ಮೇಲೆ ಇಟ್ಟು ನಾನು ಕೊಂದ ಗಿಡಗಳು ಐದು. ಬೆಳಕಿಲ್ಲ, ಕಿಂಡಿಯಿಂದ ಬಿಸಿಗಾಳಿ ಬೇರೆ. ಹೆಚ್ಚು ಬಾಳಿದ್ದು ಮನಿಪ್ಲಾಂಟ್, ಹತ್ತೊಂಬತ್ತು ದಿನ. ಹಾಗಾಗಿ ಫೋನ್ ತೆಗೆದೆ. ಚಳಿ ದೇಶದವರ ಮನೆಗಳಲ್ಲಿ ಬೆಂಕಿಗೂಡು ಇರುತ್ತದಲ್ಲ, ಅದರ ಮೇಲಿನ ಹಲಗೆಯನ್ನು ವಸಂತ ಬಂದಾಗ ಪ್ಲಾಸ್ಟಿಕ್ ಹೂ ಬಳ್ಳಿಗಳಿಂದ ಸಿಂಗರಿಸುತ್ತಾರೆ. ಏಳು ವಿಡಿಯೊ ನೋಡಿದೆ, ನೋಟ್ಸ್ ಮಾಡಿಕೊಂಡೆ. ಗದಗ ಪೇಟೆಗೆ ಹೋಗಿ ನಾಲ್ಕು ಗೊಂಚಲು ತಿಳಿಗುಲಾಬಿ ಹೂ, ಎರಡು ಹಸಿರು ಬಳ್ಳಿ ತಂದೆ. ಎತ್ತರದ್ದು ಎಡಕ್ಕೆ, ಗಿಡ್ಡದ್ದು ಬಲಕ್ಕೆ, ಬಳ್ಳಿ ಮುಂದೆ ಇಳಿಬಿಟ್ಟು. ಥೇಟ್ ವಿಡಿಯೊದಲ್ಲಿದ್ದಂತೆ!

ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಗಂಗಕ್ಕ ಬಾಗಿಲಲ್ಲೇ ನಿಂತರು. ‘ಏನ್ ಯವ್ವಾ, ಫೋಟೋ ಸ್ಟುಡಿಯೊ ತಗದೀರೇನು?’

ಅಪ್ಪ ಪೇಪರ್ ಹಿಂದಿನಿಂದ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೂ ಗೊತ್ತಾಯಿತು.

ಗಂಗಕ್ಕ ಹೋದ ಮೇಲೆ ಅವ್ವ ಒಂದು ಹೂವನ್ನು ಹಿಡಿದು ತಿರುಗಿಸಿದಳು. ‘ಇದ್ಯಾವ ಊರಿನ ಹೂವ? ಯುಗಾದಿ ಟೈಮಿಗೆ ಇಂಥಾದ್ದು ನಮ್ಮ ಕಡೆ ಎಲ್ಲೆರ ಅರಳಿದ್ದು ನೋಡೀಯೇನ?’

ನೋಡಿಲ್ಲ. ಸರಿಯಾದ ಪ್ರಶ್ನೆ ಅಲ್ಲವೇ? ಅವರಿಗೆ ವಸಂತ ಎಂದರೆ ಹಿಮ ಕರಗಿದ ಸಂಭ್ರಮ. ನಮಗೆ? ಬೆಳಿಗ್ಗೆ ಹತ್ತಕ್ಕೇ ಸುಡುವ ಬಿಸಿಲು, ಅದರಲ್ಲೇ ಹಟ ಹಿಡಿದು ಚಿಗುರುವ ಬೇವು. ನಾನು ನಮ್ಮ ಒಲೆಯ ಮೇಲೆ ಬೇರೆಯವರ ಹವಾಮಾನ ತಂದು ಕೂಡಿಸಿದ್ದೆ.

ಮರುದಿನ ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮುಗಿಸಿ ಬರುವಷ್ಟರಲ್ಲಿ ಅವ್ವ ಅಟ್ಟದಿಂದ ಒಂದು ಗಂಟು ಇಳಿಸಿದ್ದಳು. ಕೊನೆಯ ಸೀರೆಗಳನ್ನು ಕತ್ತರಿಸಿದ ಮೇಲೆ ಮಗ್ಗದಲ್ಲಿ ಉಳಿದ ನೂಲಿನ ತುಂಡುಗಳು. ಹಸಿರು, ಬಿಳಿ, ಕೆಂಗಂದು. ‘ನಿಮ್ಮಪ್ಪನ ಅಂಗಡ್ಯಾಗಿಂದು ತ್ಯಳ್ಳಂದು ತಾಮ್ರದ ತಂತಿ ತರಸು’ ಎಂದಳು. (ಮಾತು ಬಿಟ್ಟದ್ದು ಇನ್ನೂ ಜಾರಿಯಲ್ಲಿತ್ತು.) ಸುಟ್ಟ ಮೋಟಾರಿನಿಂದ ಬಿಚ್ಚಿದ ತಂತಿಯನ್ನು ಅಪ್ಪನೇ ತಂದುಕೊಟ್ಟ. ಶತ್ರು ಪಾಳೆಯದಿಂದಲೇ ಸರಬರಾಜು!

ಆಮೇಲೆ ಅವ್ವ ನಾನು ನಿರೀಕ್ಷಿಸದ ಕೆಲಸ ಮಾಡಿದಳು. ಒಲೆಗೆ ನಾಲ್ಕು ತೆಂಗಿನ ಚಿಪ್ಪು ಹಾಕಿ ಉರಿ ಹಚ್ಚಿದಳು. ಎರಡು ವರ್ಷದ ಮೇಲೆ ಮೊದಲ ಬೆಂಕಿ.

‘ಈಗ್ಯಾಕ ಇದು?’ ಎಂದೆ.

‘ಬೂದಿ ಬೇಕಲೇ. ಬೆರಳಿಗೆ ಬೂದಿ ಇಲ್ಲಂದ್ರ ನೂಲು ಹಿಡಿತಾವೇನ?’

ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು ಏರಿಸುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಬೆರಳು ಜಾರದಿರಲಿ ಎಂದು ಬೂದಿ. ಆ ಕೆಲಸ ಮಾಡಿದ ಬೆರಳುಗಳಿಗೆ ಬೇವಿನ ಎಲೆ ಯಾವ ಲೆಕ್ಕ? ತಂತಿಯೇ ಕಡ್ಡಿ, ಹಸಿರು ನೂಲೇ ಎಲೆ, ಬಿಳಿ ನೂಲಿನ ಪುಟ್ಟ ಗಂಟುಗಳೇ ಹೂ. ತುದಿಯ ಎಲೆಗಳಿಗೆ ಕೆಂಗಂದು. ಬೇವಿನ ಎಳೆ ಚಿಗುರು ಹಸಿರಲ್ಲ, ತಾಮ್ರದ ಬಣ್ಣ ಎಂಬುದನ್ನು ನಾನು ಇಪ್ಪತ್ತಾರು ವರ್ಷ ನಮ್ಮ ಓಣಿಯ ಮರದ ಕೆಳಗೆ ಓಡಾಡಿಯೂ ನೋಡಿರಲಿಲ್ಲ.

ಅಳತೆ ತಪ್ಪಬಾರದೆಂದು ಓಣಿಯ ಬೇವಿನ ಮರಕ್ಕೆ ಹೋಗಿ ಎಣಿಸಿ ಬಂದೆ. ‘ಒಂದು ಕಡ್ಡಿಗೆ ಹನ್ನೊಂದು ಎಲಿ ಅದಾವು, ಇನ್ನೊಂದಕ್ಕ ಹದಿನಾಲ್ಕು. ಯಾವುದು ಹಿಡಿಯೂಣು?’

‘ಆ ಗಿಡಾ ನಿನ್ನಂಗ ಡೈರಿ ಬರಿಯಂಗಿಲ್ಲವಾ. ಕೈಗೆ ಬಂದಷ್ಟು ಹಚ್ಚು’ ಎಂದಳು ಅವ್ವ.

ಒಂಬತ್ತು ಸಂಜೆ, ಮೂವತ್ತೊಂದು ಕಡ್ಡಿ. ಎಲೆ ಎಷ್ಟು ಎಂದು ಕೇಳಬೇಡಿ. (ಮುನ್ನೂರ ಎಂಬತ್ತಾರು.) ಅವ್ವ ನಿಯಮವನ್ನೂ ಹೇಳಿದಳು. ಬಾಗಿಲಿಗೆ ಖರೇ ಬೇವು, ದೇವರ ಮುಂದೆ ಖರೇ ಬೇವು. ನೂಲಿನದು ಒಲೆಗೆ ಮಾತ್ರ. ಒಲೆಗೆ ಕೆಮ್ಮಣ್ಣು ಸಾರಿಸಿ, ಸುಣ್ಣದ ಗೆರೆ ಎಳೆದು, ಹಲಗೆಯ ತುಂಬ ಕಡ್ಡಿಗಳನ್ನು ಹೊರಗೆ ಬಾಗುವಂತೆ ಕೂಡಿಸಿದೆವು. ಪ್ಲಾಸ್ಟಿಕ್ ಹೂ ನನ್ನ ಶಾಲೆಯ ನಾಟಕಕ್ಕೆ ಹೋದವು.

ಯುಗಾದಿ ಬಂತು.

ಮೊದಲು ಬಂದವರು ಅದೇ ಗಂಗಕ್ಕ. ಬೇವಿನ ಲೋಟ ಕೈಯಲ್ಲೇ ಉಳಿಯಿತು. ‘ಯವ್ವಾ ಯವ್ವಾ, ಒಲಿ ಮ್ಯಾಲೆ ಗಿಡಾನ ಹುಟ್ಟೇತಲ್ಲ! ಎಷ್ಟ್ ಚಂದ ಕಾಣಸ್ತೈತಿ!’ ನಾನು ಅಪ್ಪನ ಕಡೆ ನೋಡಿ ಒಂದು ಬೆರಳು ಎತ್ತಿದೆ.

ಹನ್ನೊಂದಕ್ಕೆ ಬಂದದ್ದು ಯಾರು? ಶೋಕೇಸಿನ ಒಡೆಯ, ಲಕ್ಷ್ಮೇಶ್ವರದ ಗೆಳೆಯ. ಬಹಳ ಹೊತ್ತು ನೋಡಿದರು. ‘ನಮ್ಮನ್ಯಾಗೂ ಇಂಥಾದ್ದ ಇತ್ತೋ ಮಾರಾಯಾ. ಒಡಿಸಿಬಿಟ್ಟೆ’ ಎಂದು ನಿಟ್ಟುಸಿರು ಬಿಟ್ಟರು.

ಎರಡು ಬೆರಳು ಎತ್ತಿದೆ. ಅಪ್ಪ ಒಪ್ಪಲಿಲ್ಲ. ಗೆಳೆಯ ಹೋದ ಮೇಲೆ ತಕರಾರು ತೆಗೆದ. ‘ಚಂದ ಅಂದನೇನು? ಇಲ್ಲ. ಅದು ಹೊಗಳಿಕಿ ಅಲ್ಲ, ಹಳಹಳಿ.’ ನ್ಯಾಯವಾಗಿ ನೋಡಿದರೆ ಅಪ್ಪನ ಮಾತೇ ಸರಿ. ಡೈರಿಯಲ್ಲಿ ಬರೆದಿದ್ದ ಎರಡನ್ನು ಹೊಡೆದು ಹಾಕಿದೆ. ಅವ್ವನ ಮುಖ ಇಳಿಯಿತು.

ಮಧ್ಯಾಹ್ನದ ತನಕ ಹದಿನೇಳು ಮಂದಿ ಬಂದರು. ಬಿಸಿಲಿನ ಮಾತು, ಮಾವಿನಕಾಯಿಯ ಮಾತು, ಮಗಳಿಗೆ ಯಾವಾಗ ಮದುವೆ ಎಂಬ ಮಾತು. ಒಲೆಯ ಮಾತಿಲ್ಲ.

ಮೂರಕ್ಕೆ ಮುಂಡರಗಿಯಿಂದ ಅಪ್ಪನ ಅಕ್ಕ, ನನ್ನ ಸೋದರತ್ತೆ ಬಂದಳು. ಚಪ್ಪಲಿ ಬಿಟ್ಟವಳೇ ಒಲೆಯ ಹತ್ತಿರ ಹೋಗಿ ಒಂದು ಹೂವನ್ನು ಬೆರಳಲ್ಲಿ ಹಿಡಿದಳು. ಹಿಡಿದವಳು ಬಿಡಲಿಲ್ಲ.

‘ತಮ್ಮಾ, ಇದು ನಮ್ಮವ್ವ ಹಾಕತಿದ್ದ ಗಂಟು.’

‘ಅತ್ತಿನ ಕಲಿಸಿದ್ರು ಅಕ್ಕಾರ. ಇದ ಒಲಿ ಮುಂದ ಕುಂದ್ರಿಸಿ, ಬೂದಿ ಕೊಟ್ಟು’ ಎಂದಳು ಅವ್ವ.

ಸೋದರತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ‘ಭಾಳ ಚಂದ ಮಾಡಿರವಾ. ಭಾಳ ಚಂದ.’ ಚಂದ ಎಂದು ಎರಡು ಸಲ ಅಂದಳು, ಆದರೆ ತಲೆ ಒಂದೇ. ಎರಡು ಎಂದು ಬರೆದೆ. ಅಕ್ಕ ಮನೆಯವಳೇ, ಲೆಕ್ಕಕ್ಕಿಲ್ಲ ಎಂದು ಅಪ್ಪ ಈ ಸಲ ತಕರಾರು ಮಾಡಲಿಲ್ಲ. ಅವನು ಕಿಂಡಿಯ ಕಡೆ ನೋಡುತ್ತಿದ್ದ.

ಐದೂವರೆಗೆ ಟೇಪ್ ಹಿಡಿದು ಬಸಣ್ಣ ಬಂದ. ಬೇವು ಕುಡಿದಂತೆಯೂ ಆಯಿತು, ನಾಳೆಯ ಕೆಲಸ ಅಳೆದಂತೆಯೂ ಆಯಿತು ಎಂಬ ಲೆಕ್ಕ. ಇನ್ನು ಬರುವವರು ಯಾರೂ ಇರಲಿಲ್ಲ. ಅವ್ವ ಒಳಗೆ ಹೋಗಿಬಿಟ್ಟಳು.

ಬಸಣ್ಣ ಬೇವಿನ ಕಡ್ಡಿಗಳನ್ನು ನೋಡಲೇ ಇಲ್ಲ. ಬಗ್ಗಿ ಹಲಗೆಯ ಕೆಳಗೆ ಕೈ ಆಡಿಸಿದ. ಕಲ್ಲನ್ನು ಬೆರಳಿನಿಂದ ಬಡಿದು ನೋಡಿದ. ‘ಇದನ್ನ ಒಡಿ ಅಂತೀರೇನ್ರಿ ಅಣ್ಣಾರ? ಇಂಥಾ ಒಲಿ ಕಟ್ಟಾವ ಈಗ ಎಲ್ಲದಾನ್ರಿ? ಇಷ್ಟ್ ಚಂದಂದು ಒಡದ್ರ ನನ್ನ ಕೈ ನನಗ ಬೈತೈತಿ. ಬೇಕಾದ್ರ ಎಡಕ್ಕ ಗಿಲಾವ್ ಉದರೇತಿ, ಅದನ್ನ ಹಚ್ಚಿ ಕೊಡತೀನಿ.’

ಮೂರು!

ಚೀರಿದೆನೋ ಏನೋ, ಅವ್ವ ಒಳಗಿನಿಂದ ಓಡಿ ಬಂದಳು. ಅಪ್ಪ ಮೂರೂ ಹೆಸರನ್ನು ಡೈರಿಯಲ್ಲಿ ಓದಿ, ಕೆಳಗೆ ಸಹಿ ಹಾಕಿದ. (ನಾನೇ ಹಾಕಿಸಿದೆ. ದಾಖಲೆ ದಾಖಲೆಯೇ.) ಅವ್ವ ಅಪ್ಪನಿಗೆ ಇನ್ನೊಂದು ಲೋಟ ಬೇವು ತಂದುಕೊಟ್ಟು, ಆ ಹದಿನಾರು ದಿನದಲ್ಲಿ ಮೊದಲ ಬಾರಿಗೆ ನಾಲ್ಕನೆಯ ಬಗೆಯ ಮಾತಾಡಿದಳು: ‘ಬೆಲ್ಲಾ ಸಾಕೇನ್ರಿ?’

ಮರುದಿನ ಬಸಣ್ಣ ಹಾರೆ ತರಲಿಲ್ಲ, ಗಾರೆ ಕರಣೆ ತಂದ. ಉದುರಿದ ಕಡೆ ಗಾರೆ ಮೆತ್ತಿ ಗಿಲಾವ್ ಆಯಿತು. ಅಪ್ಪ ತಾನಾಗಿಯೇ ಹಲಗೆಯ ಮೇಲೊಂದು ಸಣ್ಣ ಬಲ್ಬ್ ಹಾಕಿದ.

ನಿನ್ನೆ ಸಂಜೆ ಶಿರಹಟ್ಟಿಯ ಪರಿಚಯದವರೊಬ್ಬರಿಗೆ ಅಪ್ಪ ಫೋನಿನಲ್ಲಿ ಹೇಳುತ್ತಿದ್ದ: ‘ಬರ್ರಿ, ನಮ್ಮನಿ ಒಲಿ ನೋಡಾಕ ಬರ್ರಿ. ನಾ ಅಂತೂ ಮೊದಲಿಂದ ಹೇಳಕೋತ ಬಂದೀನಿ, ಇದನ್ನ ಒಡೀಬಾರ್ದು ಅಂತ.’

ಹೇಳಿ, ಇದನ್ನು ಡೈರಿಯಲ್ಲಿ ನಾಲ್ಕನೆಯ ಹೊಗಳಿಕೆ ಎಂದು ಬರೆಯಲೇ, ಹೊಸ ವರ್ಷದ ಮೊದಲ ಸುಳ್ಳು ಎಂದು ಬರೆಯಲೇ?