ಮೆಥನಾಲ್ ಹಚ್ಚಿದ ಸಿಟ್ಟು

ಯಡಿಯೂರು ಕೆರೆಯ ಹಿಂದೆ ಶೆಡ್ಡು ಹಾಕಿಕೊಂಡಿದ್ದ ಸಂಜೀವಯ್ಯ ಹಳೇ ಬುಲೆಟ್ಟುಗಳನ್ನು ರೇಸಿಗೆ ಹದ ಮಾಡುತ್ತಿದ್ದ. ಮುಂಗೋಪಿ. ಕಾರ್ಬುರೇಟರಿಗೆ ಬೇರೆಯವರು ಕೈ ಹಾಕಿದರೆ ಕಪಾಳಕ್ಕೇ ಬಾರಿಸುತ್ತಿದ್ದ.

ತೊಂಬತ್ತೆಂಟರಲ್ಲಿ ಜೆ.ಪಿ. ನಗರದ ಭೀಮರಾಯ ತನ್ನ ಅಪ್ಪನ ಗಾಡಿ ತಂದು, ಪೆಟ್ರೋಲ್ ಬೇಡ, ರೇಸಿನವರು ಹಾಕುವ ಮೆಥನಾಲ್ ಸ್ಪಿರಿಟ್ಟಿನಲ್ಲಿ ಓಡಬೇಕು ಅಂದ. ಮೆಥನಾಲಾದರೆ ಎಂಜಿನ್ನಿಗೆ ಎರಡರಷ್ಟು ಕುಡಿಸಬೇಕು. ಕಡಿಮೆಯಾದರೆ ಒಳಗೇ ಬೇಯುತ್ತದೆ. ಸಂಜೀವಯ್ಯ ಇಂಧನ ಇಳಿಯುವ ಜೆಟ್ಟಿನ ತೂತು ಕೊರೆದ, ಓಡಿಸಿದ, ಇಂಧನ ಸಾಕಾಯಿತೇ ಎಂದು ಪ್ಲಗ್ಗಿನ ಬಣ್ಣ ನೋಡಿ ಮತ್ತೆ ಕೊರೆದ. ಎಂಜಿನ್ ಗುಡುಗತೊಡಗಿತು.

ರೇಸಿನ ಬೆಳಿಗ್ಗೆ ಭೀಮರಾಯ ಯಾರದೋ ಮಾತು ಕೇಳಿ, ಸ್ಪೀಡು ಹೆಚ್ಚುತ್ತದೆಂದು ಗುಟ್ಟಾಗಿ ಚಿಕ್ಕ ತೂತಿನ ಜೆಟ್ ಹಾಕಿಕೊಂಡ. ಅರ್ಧ ದಾರಿಯಲ್ಲೇ ಪಿಸ್ಟನ್ ಕರಗಿ ಚಕ್ರ ಗಕ್ಕನೆ ನಿಂತಿತು. ಹಾರಿ ಬಿದ್ದವನ ಮೊಣಕಾಲಿನ ಕೆಳಗೆ ಮೂಳೆ ಚರ್ಮ ಸೀಳಿಕೊಂಡು ಹೊರಬಂತು.

ಕಾಲು ಕೂಡಿಕೊಂಡರೂ ಕುಂಟು ಉಳಿಯಿತು. ಜೆಟ್ಟಿನ ಗುಟ್ಟು ಬಿಡದೆ, ಎಲ್ಲ ಸಂಜೀವಯ್ಯನ ಕೆಲಸದ ತಪ್ಪೆಂದು ಭೀಮರಾಯ ಹೇಳಿಕೊಂಡು ತಿರುಗಿದ. ಒಂದು ಮಧ್ಯಾಹ್ನ ಅವನು ಭಾವಮೈದ ಕರೆಪ್ಪನ ಜೊತೆ ಶೆಡ್ಡಿಗೆ ಬಂದ. ಅಂಗಳದಲ್ಲಿ ಕೂತಿದ್ದ ಸಂಜೀವಯ್ಯನನ್ನು ರಾಡಿನಿಂದ ಕೆಡವಿದರು. ಕರೆಪ್ಪ ಅವನ ಬಲಗೈ ಕಲ್ಲಿನ ಮೇಲೆ ಒತ್ತಿ ಹಿಡಿದ.

"ನನ್ನ ಕಾಲು ತಿಂದೆ. ನಿನ್ನ ಕೈ ಕೊಡು" ಎಂದ ಭೀಮರಾಯ ಸುತ್ತಿಗೆ ಇಳಿಸಿದ. ಬೆರಳುಗಳು ಪುಡಿಯಾದವು. ಆಮೇಲೆ ಪಕ್ಕದಲ್ಲಿದ್ದ ಮೆಥನಾಲಿನ ಕ್ಯಾನನ್ನು ಒದ್ದ. ಅದು ಒದ್ದವನ ಪ್ಯಾಂಟಿನ ಮೇಲೇ ಚೆಲ್ಲಿತು. ಕರೆಪ್ಪನ ಬಾಯಲ್ಲಿ ಉರಿಯುತ್ತಿದ್ದ ಸಿಗರೇಟು ಅದರೊಳಗೆ ಬಿತ್ತು.

ಮೆಥನಾಲಿನ ಉರಿ ಬಿಸಿಲಲ್ಲಿ ಕಾಣುವುದಿಲ್ಲ. ಭೀಮರಾಯ ಇದ್ದಕ್ಕಿದ್ದಂತೆ ತನ್ನ ತೊಡೆಗೆ ತಾನೇ ಬಡಿದುಕೊಳ್ಳುತ್ತ ಕುಣಿದ. ಕರೆಪ್ಪ ಹಿಡಿಯಲು ಹೋದ, ಅಂಗೈ ಸುಟ್ಟಿತು, ಓಡಿಬಿಟ್ಟ. ಏನಾಗುತ್ತಿದೆಯೆಂದು ಗೊತ್ತಿದ್ದವನು ಬಿದ್ದುಕೊಂಡಿದ್ದ ಸಂಜೀವಯ್ಯ ಒಬ್ಬನೇ. ಸಾಯಲಿ ಅಂತ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದೆ ಎಂದು ಆಮೇಲೆ ಹೆಂಡತಿ ಅಣ್ಣಮ್ಮನಿಗೆ ಹೇಳಿದ. ಚರ್ಮ ಸುಟ್ಟ ವಾಸನೆ ಬಂದಾಗ ತಡೆಯಲಾಗಲಿಲ್ಲ. ತೆವಳಿ ಹೋಗಿ, ಅಂಗಳದಲ್ಲಿದ್ದ ನೀರಿನ ಡ್ರಮ್ಮನ್ನು ಭುಜದಿಂದ ನೂಕಿ ಉರುಳಿಸಿ ನೀರನ್ನು ಭೀಮರಾಯನ ಮೇಲೆ ಸುರಿದ.

ಆಸ್ಪತ್ರೆಯಲ್ಲಿ ಇಬ್ಬರೂ ಒಂದೇ ವಾರ್ಡು. ಒಂದು ಸಂಜೆ ಭೀಮರಾಯ ಗೋಡೆ ಕಡೆ ಮುಖ ಮಾಡಿ, "ಜೆಟ್ ಬದಲಾಯಿಸಿದ್ದು ನಾನೇ, ಸಂಜೀವಣ್ಣ" ಅಂದ.

ಸಂಜೀವಯ್ಯ ಎದ್ದು ಬಂದು, ಎಡಗೈಯಿಂದ ಅವನ ಕೆನ್ನೆಗೆ ಹೊಡೆದ. ಮತ್ತೆ ಹೊಡೆದ. ನರ್ಸ್ ಎಳೆಯುವವರೆಗೂ ಹೊಡೆದ. ಭೀಮರಾಯ ಕೈ ಅಡ್ಡ ತರಲಿಲ್ಲ.

ಕೇಸು ನಡೆದು ಭೀಮರಾಯ, ಕರೆಪ್ಪ ಇಬ್ಬರೂ ಜೈಲಿಗೆ ಹೋದರು. ಸಂಜೀವಯ್ಯನಿಗೆ ಬಲಗೈ ಬೆರಳು ಮಡಚಲು ಆಗಲೇ ಇಲ್ಲ. ಅಣ್ಣಮ್ಮ ಸ್ಕ್ರೂಡ್ರೈವರ್ ಹಿಡಿಯುವುದು ಕಲಿತಳು. ಅವನು ಎಂಜಿನ್ನಿಗೆ ಕಿವಿಗೊಟ್ಟು ಹೇಳುತ್ತಿದ್ದ, ಅವಳು ತಿರುಗಿಸುತ್ತಿದ್ದಳು. ತಪ್ಪಿದರೆ ಬೈಯುತ್ತಿದ್ದ. ಅವಳೂ ತಿರುಗಿ ಬೈಯದೆ ಬಿಡುತ್ತಿರಲಿಲ್ಲ.