ಬಿಸಿ ತೆಳಿಯಲ್ಲಿ ಬೆಂದ ಐದು ದಿನ

ರಾಜೀವಿಯ ಪ್ರಕಾರ ಭೂಮಿಯ ಮೇಲಿನ ಕಾಯಿಲೆಗಳಿಗೆಲ್ಲ ಮದ್ದು ಒಂದೇ: ಕುಚ್ಚಲಕ್ಕಿ ಗಂಜಿಯ ಬಿಸಿ ತೆಳಿ. ಬೆಂದ ಅನ್ನದಿಂದ ಬಸಿದ ಆ ನೀರಿಗೆ ಚಿಟಿಕೆ ಉಪ್ಪು ಹಾಕಿ ಅವಳು ಗಂಡನ ಜ್ವರ ಇಳಿಸಿದ್ದಳು, ಮಗಳ ಬಾಣಂತನ ದಾಟಿಸಿದ್ದಳು, ನೆಲ ಹಿಡಿದಿದ್ದ ಕರುವನ್ನು ಎಬ್ಬಿಸಿ ನಿಲ್ಲಿಸಿದ್ದಳು. ಅವಳ ತಾಯಿಯೂ ಹಾಗೆಯೇ ಮಾಡುತ್ತಿದ್ದರು. ಹೀಗಿರುವಾಗ ಕೋಟದ ಹೆದ್ದಾರಿಯಿಂದ ಒಳಗಿರುವ ಅವಳ ಸೆಡ್ಡಿನಲ್ಲಿ ಐನೂರು ಬ್ರಾಯ್ಲರ್ ಕೋಳಿಗಳ ಹೊಟ್ಟೆ ಒಟ್ಟಿಗೇ ಕೆಟ್ಟರೆ ಅವಳ ಕೈ ಎಲ್ಲಿಗೆ ಹೋದೀತು? ನೇರ ಗಂಜಿ ಪಾತ್ರೆಗೇ ಹೋಯಿತು.

ಏಳು ವರ್ಷ ಅವಳು ಯಾವುದೋ ಕಂಪೆನಿಗೆ ಕೋಳಿ ಸಾಕಿದವಳು. ಮರಿ ಅವರದು, ಆಹಾರ ಅವರದು, ಇವಳದು ಬರೀ ಕಾವಲು. ಐವತ್ತು ದಾಟಿದ ಮೇಲೆ ಸ್ವಂತ ಕೋಳಿ ಸಾಕುವ ಹಟ ಹುಟ್ಟಿತು. ಮೆಕ್ಕೆಜೋಳ, ಸೋಯಾ ಹಿಂಡಿಗೆ ಊರಿನ ರೈಸ್ ಮಿಲ್ಲಿನ ತೌಡು ಬೆರೆಸಿ ಆಹಾರವನ್ನೂ ತಾನೇ ಮಾಡುತ್ತೇನೆಂದು ಹೊರಟಳು.

ಸೆಡ್ಡು ಕಟ್ಟಿಸಿಕೊಟ್ಟವನು ಅಣ್ಣ ಭೋಜರಾಜ. ಕುಂದಾಪುರದಲ್ಲಿ ಹೋಟೆಲು ನಡೆಸುವವನು, ಮಾತೆಂದರೆ ಮಾತು ಎನ್ನುವ ಆಸಾಮಿ. ತಂಗಿ ಈ ವಯಸ್ಸಿನಲ್ಲಿ ಕೋಳಿ ಹಿಕ್ಕೆ ಬಾಚುವುದು ಅವನಿಗೆ ಬೇಕಿರಲಿಲ್ಲ. ಅದಕ್ಕೇ ಒಂದು ಷರತ್ತು ಹಾಕಿದ: ನಲವತ್ತೆರಡನೇ ದಿನ ಕೋಳಿ ಸರಾಸರಿ ಎರಡು ಕಿಲೋ ತೂಗಿದರೆ ಸೆಡ್ಡು ಅವಳಿಗೆ. ತೂಗದಿದ್ದರೆ ಶಾಮಿಯಾನದ ರತೀಶನಿಗೆ, ಕುರ್ಚಿ ಪೇರಿಸಿಡಲು. ರಾಜೀವಿ ಒಪ್ಪಿದಳು. ಆದರೆ ಸೆಡ್ಡು ಬಿಟ್ಟುಕೊಡುವ ಮನಸ್ಸು ಅವಳಿಗಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಐನೂರು ಕೊರಳು ಒಮ್ಮೆಗೇ ಇವಳ ಕಡೆ ತಿರುಗುತ್ತವೆ. ಆ ಸುಖವನ್ನು ಪ್ಲಾಸ್ಟಿಕ್ ಕುರ್ಚಿ ಕೊಟ್ಟೀತೇ?

ತೌಡು ಬೆರೆಸುವಾಗ ಕೈ ಸ್ವಲ್ಪ ಧಾರಾಳವಾಯಿತು. ಅದರ ನಾರು ಕೋಳಿಗಳಿಗೆ ಅರಗಲಿಲ್ಲ. ಇಪ್ಪತ್ತಾರನೇ ದಿನ ಹಿಕ್ಕೆ ನೀರಾಗಿ, ನೆಲಕ್ಕೆ ಹರಡಿದ ಉಮಿ ಒದ್ದೆಯಾಗಿ, ಒಳಗೆ ಕಾಲಿಟ್ಟರೆ ಕಣ್ಣು ಉರಿಯತೊಡಗಿತು. ಪಶುವೈದ್ಯೆ ದೀಕ್ಷಿತಾ ಬಂದರು. ಸಾಲಿಗ್ರಾಮದ ಕಡೆಯ ಪುರೋಹಿತರ ಮನೆಯ ಹುಡುಗಿ. ಜನ್ಮದಲ್ಲಿ ಕೋಳಿ ಬಾಯಿಗಿಟ್ಟವರಲ್ಲ, ಆದರೆ ಕೋಳಿಯ ಕರುಳಿನ ವಿಷಯ ಅವರಿಗೆ ತಿಳಿದಷ್ಟು ವಾರಕ್ಕೆ ಮೂರು ಸಲ ಕೋಳಿ ಸುಕ್ಕ ತಿನ್ನುವವರಿಗೂ ತಿಳಿಯದು. ತೌಡು ಅರ್ಧಕ್ಕಿಳಿಸಲು ಹೇಳಿದರು. ಪ್ರೋಬಯಾಟಿಕ್ ಪುಡಿಯ ಪೊಟ್ಟಣ ಕೊಟ್ಟು, ಇದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ನಾರು ಅರಗಿಸಲು ಸಹಾಯ ಮಾಡುತ್ತದೆ, ಕುಡಿಯುವ ನೀರಿಗೆ ಬೆರೆಸಿ ಎಂದು ಹೇಳಿ ಹೋದರು.

ಹೊಟ್ಟೆ ಕೆಟ್ಟ ಜೀವಕ್ಕೆ ಯಾರಾದರೂ ತಣ್ಣೀರು ಕೊಡುತ್ತಾರೆಯೇ? ಡಾಕ್ಟರಮ್ಮ ಓದಿದವರು, ಆದರೆ ಸಣ್ಣ ಪ್ರಾಯ ಎಂದುಕೊಂಡ ರಾಜೀವಿ, ಕುದಿಯುವ ತೆಳಿಗೆ ಪುಡಿ ಸುರಿದು, ಸೌಟಿನಲ್ಲಿ ಚೆನ್ನಾಗಿ ತಿರುವಿ, ಆರಿಸಿ ಕುಡಿಸಿದಳು. ಐದು ದಿನ ಬಿಡದೆ ಕುಡಿಸಿದಳು. ಹಿಕ್ಕೆ ಗಟ್ಟಿಯಾಗಲಿಲ್ಲ, ಹನ್ನೊಂದು ಕೋಳಿ ಸತ್ತವು. ಪೊಟ್ಟಣವೇ ಬೋಗಸ್ ಎಂದು ಜಗಳಕ್ಕೆ ತಯಾರಾಗಿ ಫೋನು ಮಾಡಿದಳು. ದೀಕ್ಷಿತಾ ಬಂದವರು ಒಲೆಯ ಮೇಲಿನ ಪಾತ್ರೆ ನೋಡಿ ತಲೆಗೆ ಕೈಯಿಟ್ಟರು.

“ಎಂತ ಮಾಡಿದ್ರಿ ರಾಜೀವಕ್ಕ? ಅದ್ ಜೀವ ಇಪ್ಪು ಬ್ಯಾಕ್ಟೀರಿಯಾ. ಕುದಿಯು ತೆಳಿಗ್ ಹಾಕಿರೆ ಒಂದೂ ಉಳುದಿಲ್ಲ.”

ರಾಜೀವಿಯ ಮುಖ ಸಣ್ಣದಾಯಿತು. ನಲವತ್ತು ವರ್ಷ ನಂಬಿದ ತೆಳಿ ಕೈಕೊಟ್ಟಿತಲ್ಲ ಎಂಬುದಕ್ಕಿಂತ, ಅಣ್ಣನಿಗೆ ಗೊತ್ತಾದರೆ ಊರಿಡೀ ಹೇಳಿಕೊಂಡು ನಗುತ್ತಾನೆಂಬ ನಾಚಿಕೆ ದೊಡ್ಡದು. ಯಾರಿಗೂ ಹೇಳಬೇಡಿ ಎಂದು ಡಾಕ್ಟರರಿಂದ ಮಾತು ತೆಗೆದುಕೊಂಡಳು. ಮಾರನೇ ದಿನದಿಂದ ಬಾವಿಯ ತಣ್ಣೀರಿಗೇ ಪುಡಿ ಬೆರೆಸಿದಳು. ನಾಲ್ಕೇ ದಿನದಲ್ಲಿ ಹಿಕ್ಕೆ ಗಟ್ಟಿಯಾಯಿತು. ಹೊಸದಾಗಿ ಹರಡಿದ ಉಮಿ ಒಣಗಿಯೇ ಉಳಿಯಿತು, ಕೋಳಿಗಳು ಮೇವಿನ ಮೇಲೆ ಮುಗಿಬಿದ್ದವು.

ನಲವತ್ತೆರಡನೇ ದಿನ ಭೋಜರಾಜ ಬಂದ, ಜೊತೆಗೆ ಅಳತೆ ಟೇಪು ಹಿಡಿದ ರತೀಶ. ಹತ್ತು ಕೋಳಿ ತೂಗಿದರು. ಸರಾಸರಿ ಎರಡು ಕಿಲೋಗೆ ನೂರೈವತ್ತು ಗ್ರಾಂ ಕಡಿಮೆ. ಭೋಜರಾಜ ತಕ್ಕಡಿ ಕೆಳಗಿಟ್ಟ. ರತೀಶ ಗೋಡೆಗೆ ಟೇಪು ಹಿಡಿದ.

ಟೇಪು ಅರ್ಧ ಗೋಡೆ ದಾಟುವವರೆಗೆ ರಾಜೀವಿ ತಡೆದುಕೊಂಡಳು.

“ಅಣ್ಣಯ್ಯ, ಕೋಳಿದ್ ಎಂತ ತಪ್ಪಿಲ್ಲ. ಮದ್ದನ್ನ ಬಿಸಿ ತೆಳಿಗ್ ಹಾಕಿ ನಾನೇ ಬೇಯ್ಸಿ ಹಾಳ್ ಮಾಡ್ದೆ, ಐದ್ ದಿನ. ಆ ಐದ್ ದಿನ ನಂಗ್ ವಾಪಾಸ್ ಕೊಡ್.”

ಹೇಳಿ ಮುಗಿಸಿ ನಗುವಿಗೆ ಕಾದಳು. ಭೋಜರಾಜ ನಗಲಿಲ್ಲ. ಬಂದಾಗ ಮೂಗಿಗೆ ಹಿಡಿದಿದ್ದ ಕರವಸ್ತ್ರ ಯಾವಾಗಲೋ ಜೇಬು ಸೇರಿತ್ತು. ಒಣಗಿದ ಉಮಿಯನ್ನು ಕಾಲಿನಿಂದ ಸರಿಸಿ ನೋಡಿ, ರತೀಶನಿಗೆ ಟೇಪು ಸುತ್ತಲು ಸನ್ನೆ ಮಾಡಿದ. ಆಮೇಲೆ, ತೀರಿಹೋದ ತಾಯಿಯ ಮಾತು ಎಂದೂ ಎತ್ತದವನು, “ಅಬ್ಬಿ ಇದ್ದಿದ್ರೂ ಹಾಂಗೇ ಮಾಡ್ತಿತ್ತ್” ಎಂದ.

ರಾಜೀವಿಗೆ ಅಳು ಬಂದೇಬಿಟ್ಟಿತು.

“ಐದ್ ದಿನ ಬಿಟ್ಟ್ ಬತ್ತೆ,” ಎಂದ ಅಣ್ಣ, ಜಗಲಿಯ ಮೇಲೆ ಕೂರುತ್ತ. “ಈಗ ತೆಳಿ ಇದ್ರೆ ನಂಗೊಂದ್ ಲೋಟ ಕೊಡ್. ಬಿಸಿದೇ ಆಯ್ಕ್.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು.